ತಂಡಗಳ ಅಧ್ಯಯನ: ಎಲ್ಲವನ್ನೂ ಒಂದೇ ಪ್ರಶ್ನಾವಳಿಯಲ್ಲಿ ಕೇಳಿ ಹಾರ್ಮನ್ ಪರೀಕ್ಷೆ ತೋರಿಸಿದರೆ ಸಾಕೇ?

ಪ್ರಶ್ನೆ: ಸಂಶೋಧನಾರ್ಥಿ

ಎಲ್ಲರಿಗೂ ನಮಸ್ಕಾರ. ಸಂಘಟನಾ ವರ್ತನೆ ನನ್ನ ಪಿಎಚ್‌ಡಿ ವಿಷಯ. ತಪ್ಪು ಒಪ್ಪಿಕೊಂಡರೂ, ಗೊತ್ತಿಲ್ಲದ್ದನ್ನು ಕೇಳಿದರೂ ತಂಡದಲ್ಲಿ ಯಾರೂ ಹೀಯಾಳಿಸುವುದಿಲ್ಲ ಎಂಬ ನಂಬಿಕೆ, ಅಂದರೆ ಮಾನಸಿಕ ಸುರಕ್ಷತೆ, ಇದ್ದರೆ ಸದಸ್ಯರು ತಪ್ಪುಗಳ ಬಗ್ಗೆ ಮುಕ್ತವಾಗಿ ಮಾತಾಡುತ್ತಾರೆ, ಅದರಿಂದ ತಂಡದ ಸಾಧನೆ ಸುಧಾರಿಸುತ್ತದೆ ಎಂಬುದು ನನ್ನ ಮಾದರಿ.

ಒಂದು ಕಂಪನಿಯ 40 ತಂಡಗಳಿಗೆ ಅನುಮತಿ ಸಿಕ್ಕಿದೆ. ತಂಡಕ್ಕೆ ಸುಮಾರು 6 ಜನ, ಒಟ್ಟು 240. ಮೂರೂ ವೇರಿಯಬಲ್‌ಗಳನ್ನು 5 ಅಂಕಗಳ ಮಾಪನದಲ್ಲಿ ಒಂದೇ ಫಾರ್ಮಿನಲ್ಲಿ ಸದಸ್ಯರಿಂದಲೇ ತುಂಬಿಸಿ, ತಂಡವಾರು ಸರಾಸರಿ ತೆಗೆದು ಮೀಡಿಯೇಶನ್, ಅಂದರೆ ಸುರಕ್ಷತೆಯ ಪರಿಣಾಮ ತಪ್ಪುಗಳ ಚರ್ಚೆಯ ಮೂಲಕ ಸಾಧನೆಗೆ ತಲುಪುತ್ತದೆಯೇ ಎಂಬುದನ್ನು, ಪರೀಕ್ಷಿಸುವ ಯೋಜನೆ. ಏಕಮೂಲದ ಪಕ್ಷಪಾತದ (ಎಲ್ಲವನ್ನೂ ಒಬ್ಬರೇ ಹೇಳುವುದರಿಂದ ಇಲ್ಲದ ಸಂಬಂಧ ಇದ್ದಂತೆ ಕಾಣುವ ತೊಂದರೆಯ) ಪ್ರಶ್ನೆ ಬಂದರೆ ಹಾರ್ಮನ್ ಏಕ-ಅಂಶ ಪರೀಕ್ಷೆ ತೋರಿಸಬಹುದೇ? ಸರಾಸರಿ ತೆಗೆಯುವ ಮುನ್ನ ಏನೇನು ನೋಡಬೇಕು? 240 ಸಾಕಾಗುತ್ತದೆಯೇ? ಎಚ್‌ಆರ್ ವಿಭಾಗದವರು ಫಾರ್ಮಿನಲ್ಲಿ ಹೆಸರು ಇರಲಿ ಎನ್ನುತ್ತಿದ್ದಾರೆ, ಅದಕ್ಕೆ ಏನು ಹೇಳಲಿ? ದತ್ತಾಂಶ ಸಂಗ್ರಹ ಇನ್ನೂ ಶುರುವಾಗಿಲ್ಲ.

ಉತ್ತರ 1: ವಿಧಾನಚಿಂತಕ

ಸಂಗ್ರಹ ಶುರುವಾಗುವ ಮೊದಲೇ ಕೇಳಿದ್ದು ಬಹಳ ಒಳ್ಳೆಯದಾಯಿತು. ನೀವು ಕೇಳಿದ್ದರಲ್ಲಿ ಬಹುಪಾಲನ್ನು ಈಗ ವಿನ್ಯಾಸದಲ್ಲಿ ಸರಿಪಡಿಸಬಹುದು. ಫಾರ್ಮುಗಳು ಕೈಗೆ ಬಂದ ಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಸರಿಮಾಡಿಕೊಡುವುದಿಲ್ಲ.

ಹಾರ್ಮನ್ ಪರೀಕ್ಷೆಯನ್ನು ನೆಚ್ಚಿಕೊಳ್ಳಬೇಡಿ. ಎಲ್ಲ ಪ್ರಶ್ನೆಗಳನ್ನೂ ಒಟ್ಟಿಗೆ ಹಾಕಿ, ತಿರುಗಿಸದ (ಅನ್‌ರೊಟೇಟೆಡ್) ಫ್ಯಾಕ್ಟರ್ ವಿಶ್ಲೇಷಣೆ, ಅಂದರೆ ಉತ್ತರಗಳ ಹಿಂದಿನ ಸಾಮಾನ್ಯ ಅಂಶಗಳನ್ನು ಹುಡುಕುವ ಲೆಕ್ಕ, ಮಾಡಿ, ಮೊದಲ ಫ್ಯಾಕ್ಟರ್ ಉತ್ತರಗಳ ಏರಿಳಿತದ 50%ಕ್ಕಿಂತ ಕಡಿಮೆ ವಿವರಿಸಿದರೆ ಪಕ್ಷಪಾತ ಇಲ್ಲ ಎನ್ನುವುದು ಅದರ ತರ್ಕ. ಮೂರು ಬೇರೆ ಬೇರೆ ಪರಿಕಲ್ಪನೆಗಳ ಪ್ರಶ್ನೆಗಳಿದ್ದರೆ ಒಂದೇ ಫ್ಯಾಕ್ಟರ್ 50% ದಾಟುವುದು ಹೇಗೂ ಅಪರೂಪ. ಹಾಗಾಗಿ ಪಕ್ಷಪಾತ ಗಣನೀಯವಾಗಿದ್ದರೂ ನೀವು ಪಾಸಾಗುತ್ತೀರಿ. ಪೊಡ್ಸಕಾಫ್ ಮತ್ತು ಸಹಲೇಖಕರು 2003ರ ವಿಮರ್ಶೆಯಲ್ಲೇ ಈ ಪರೀಕ್ಷೆಯ ದೌರ್ಬಲ್ಯ ಹೇಳಿದ್ದಾರೆ. ಇಂದು ಒಳ್ಳೆಯ ನಿಯತಕಾಲಿಕೆಯ ವಿಮರ್ಶಕರಿಗೆ ಇದನ್ನೊಂದೇ ತೋರಿಸಿದರೆ ಅನುಮಾನ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಬದಲಿಗೆ ಮೂಲಗಳನ್ನೇ ಬೇರ್ಪಡಿಸಿ. ಮಾನಸಿಕ ಸುರಕ್ಷತೆಯನ್ನು ಸದಸ್ಯರೇ ಹೇಳಬೇಕು, ಅದು ಅವರ ಅನುಭವ. ಸಾಧನೆಯನ್ನು ಮಾತ್ರ ಅವರಿಂದ ಕೇಳಬೇಡಿ. ತಂಡದ ಔಟ್‌ಪುಟ್ ಬಳಸುವವರು, ಇಲ್ಲವೇ ತಂಡದ ಮುಖ್ಯಸ್ಥರಿಗಿಂತ ಒಂದು ಹಂತ ಮೇಲಿನವರು ಅಂಕ ಕೊಡಲಿ. ಗಡುವು ಪಾಲನೆ, ಮರುಕೆಲಸದ ಪ್ರಮಾಣದಂಥ ದಾಖಲೆಗಳು ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಎಲ್ಲ ತಂಡಗಳಿಗೂ ಅವುಗಳ ಅರ್ಥ ಒಂದೇ ಆಗಿರಬೇಕು. ಮಾರಾಟದ ತಂಡ, ಲೆಕ್ಕಪತ್ರದ ತಂಡ ಎರಡನ್ನೂ ಒಂದೇ ಸಂಖ್ಯೆಯಿಂದ ಅಳೆಯಲಾಗದು. ಒಬ್ಬರೇ ಮೇಲಧಿಕಾರಿ 5 ತಂಡಗಳಿಗೆ ಅಂಕ ಕೊಟ್ಟರೆ ಆ ಐದೂ ಅಂಕಗಳಲ್ಲಿ ಅವರ ಧಾರಾಳತನವೋ ಕಟ್ಟುನಿಟ್ಟೋ ಸೇರಿಕೊಳ್ಳುತ್ತದೆ. ಯಾರು ಯಾರಿಗೆ ಅಂಕ ಕೊಟ್ಟರು ಎಂಬುದನ್ನು ದತ್ತಾಂಶದಲ್ಲಿ ಒಂದು ಕಾಲಮ್ಮಾಗಿ ಇಟ್ಟುಕೊಳ್ಳಿ, ವಿಶ್ಲೇಷಣೆಯಲ್ಲಿ ಬೇಕಾಗುತ್ತದೆ.

ಎರಡನೆಯದು ಸಮಯ. ಸುರಕ್ಷತೆ ಮೊದಲ ಸುತ್ತಿನಲ್ಲಿ, ತಪ್ಪುಗಳ ಚರ್ಚೆ ಎರಡನೆಯದರಲ್ಲಿ, ಸಾಧನೆ ಮೂರನೆಯದರಲ್ಲಿ. ಸುತ್ತುಗಳ ನಡುವೆ ಎಷ್ಟು ಅಂತರ ಎಂಬುದನ್ನು ತಂಡದ ಕೆಲಸದ ಚಕ್ರ ನಿರ್ಧರಿಸಲಿ. ಎರಡು ವಾರಕ್ಕೊಮ್ಮೆ ಕೆಲಸ ಒಪ್ಪಿಸುವ ತಂಡಕ್ಕೂ ತ್ರೈಮಾಸಿಕ ವರದಿ ಮಾಡುವ ತಂಡಕ್ಕೂ ಒಂದೇ ಅಂತರ ಹೊಂದುವುದಿಲ್ಲ.

ಸಮಯ ಬೇರ್ಪಡಿಸಿದ ಮಾತ್ರಕ್ಕೆ ಕಾರಣ-ಪರಿಣಾಮ ಸಾಬೀತಾಯಿತು ಎಂದು ಬರೆಯಬೇಡಿ. ಚೆನ್ನಾಗಿ ಗೆದ್ದ ತಂಡದಲ್ಲಿ ಮನಸ್ಸು ಹಗುರವಾಗಿ ಸುರಕ್ಷತೆಯ ಅಂಕವೂ ಏರಬಹುದು, ಅಂದರೆ ಬಾಣ ತಿರುಗುಮುರುಗಾಗಿರಬಹುದು. ಮೊದಲ ಸುತ್ತಿಗೂ ಹಿಂದಿನ ಅವಧಿಯ ಸಾಧನೆಯ ಅಂಕವನ್ನು ಅದೇ ಮೂಲದಿಂದ ಪಡೆದು ನಿಯಂತ್ರಣವಾಗಿ ಸೇರಿಸಿ. ಈ ಒಂದು ಕಾಲಮ್ ನಿಮ್ಮ ವಾದಕ್ಕೆ ಕೊಡುವ ಬಲ ಹತ್ತು ಪರೀಕ್ಷೆಗಳಿಂದಲೂ ಸಿಗುವುದಿಲ್ಲ.

ಇನ್ನು ಮಧ್ಯದ ವೇರಿಯಬಲ್. ‘ತಪ್ಪುಗಳ ಬಗ್ಗೆ ಮಾತಾಡುವುದು’, ‘ವರದಿಯಾದ ತಪ್ಪುಗಳ ಸಂಖ್ಯೆ’, ‘ನಿಜವಾಗಿ ಆದ ತಪ್ಪುಗಳು’ ಮೂರೂ ಬೇರೆ ಬೇರೆ. ಏಮಿ ಎಡ್ಮಂಡ್‌ಸನ್ ಅವರ 1996ರ ಆಸ್ಪತ್ರೆ ಅಧ್ಯಯನದಲ್ಲಿ ಒಳ್ಳೆಯ ನಾಯಕತ್ವವಿದ್ದ ಘಟಕಗಳಲ್ಲೇ ಪತ್ತೆಯಾದ ಔಷಧ ದೋಷಗಳು ಹೆಚ್ಚಿದ್ದವು. ಅಲ್ಲಿ ಜನ ಮುಚ್ಚಿಡುತ್ತಿರಲಿಲ್ಲ ಎಂಬುದು ಅದಕ್ಕೆ ಅವರು ಕೊಟ್ಟ ವಿವರಣೆ. ಕಂಪನಿಯ ದೋಷ ದಾಖಲೆಯನ್ನು ‘ಕಳಪೆ ಸಾಧನೆ’ ಎಂದು ಹಾಕಿಕೊಂಡರೆ ನಿಮ್ಮ ಫಲಿತಾಂಶದ ಚಿಹ್ನೆಯೇ ಉಲ್ಟಾ ಆಗುತ್ತದೆ.

ಉತ್ತರ 2: ಮಾಪಕ

ಮೇಲಿನದನ್ನು ಪೂರ್ತಿ ಒಪ್ಪುತ್ತೇನೆ. ಸರಾಸರಿಯ ವಿಚಾರವನ್ನು ನಾನು ಬಿಡಿಸುತ್ತೇನೆ, ಹೆಚ್ಚಿನ ಪ್ರಬಂಧಗಳು ಎಡವುವುದು ಇಲ್ಲೇ.

ಮೊದಲು ಪ್ರಶ್ನೆಗಳ ವಾಕ್ಯ ನೋಡಿ. ‘ನನಗೆ ಇಲ್ಲಿ ಮಾತಾಡಲು ಭಯವಿಲ್ಲ’ ಎಂಬುದು ವ್ಯಕ್ತಿಯ ಬಗ್ಗೆ. ‘ಈ ತಂಡದಲ್ಲಿ ಕಷ್ಟದ ವಿಷಯಗಳನ್ನು ಎತ್ತಬಹುದು’ ಎಂಬುದು ತಂಡದ ಬಗ್ಗೆ. ಸಿದ್ಧಾಂತ ತಂಡದ ಬಗ್ಗೆ ಇದ್ದರೆ ಎಲ್ಲ ವಾಕ್ಯಗಳ ಕರ್ತೃವೂ ತಂಡವೇ ಆಗಿರಲಿ. ಅರ್ಧ ಹಾಗೆ, ಅರ್ಧ ಹೀಗೆ ಬೆರೆಸಿದರೆ ಸರಾಸರಿ ಏನನ್ನು ಹೇಳುತ್ತದೆಂದು ಯಾರಿಗೂ ಗೊತ್ತಾಗದು. ಮುಖ್ಯಸ್ಥರ ಉತ್ತರವನ್ನು ಸದಸ್ಯರ ಸರಾಸರಿಗೆ ಸೇರಿಸಬೇಡಿ. ಅವರ ಕುರ್ಚಿಯಿಂದ ಕಾಣುವ ತಂಡವೇ ಬೇರೆ.

ಆಮೇಲೆ ಒಪ್ಪಿಗೆ. ಆರ್‌ಡಬ್ಲ್ಯೂಜಿ ಎಂಬ ಸೂಚ್ಯಂಕ ಒಂದೊಂದು ತಂಡದೊಳಗೆ ಎಷ್ಟು ಏಕಾಭಿಪ್ರಾಯವಿದೆ ಎಂದು ಹೇಳುತ್ತದೆ: 1ರಿಂದ, ಕಂಡ ವೇರಿಯನ್ಸನ್ನು (ಉತ್ತರಗಳ ಚದುರುವಿಕೆಯನ್ನು) ಯಾದೃಚ್ಛಿಕ ಉತ್ತರದ ವೇರಿಯನ್ಸಿನಿಂದ ಭಾಗಿಸಿ ಬಂದದ್ದನ್ನು ಕಳೆಯಬೇಕು. 5 ಅಂಕಗಳ ಮಾಪನದಲ್ಲಿ ಎಲ್ಲ ಉತ್ತರಗಳೂ ಸಮಸಂಭವ ಎಂದುಕೊಂಡರೆ ಆ ಯಾದೃಚ್ಛಿಕ ವೇರಿಯನ್ಸ್ 2. ತಂಡವೊಂದರ ವೇರಿಯನ್ಸ್ 0.5 ಇದ್ದರೆ 1 − 0.5/2 = 0.75. ರೂಢಿಯ 0.70 ಗೆರೆ ದಾಟಿತು. ಆದರೆ ಇಂಥ ಪ್ರಶ್ನೆಗಳಿಗೆ ಜನ ಸಾಮಾನ್ಯವಾಗಿ 4, 5ರ ಕಡೆಗೇ ವಾಲುತ್ತಾರೆ. ಸ್ವಲ್ಪ ವಾಲಿದ ಹಂಚಿಕೆಯನ್ನು ಹೋಲಿಕೆಗೆ ಇಟ್ಟುಕೊಂಡರೆ ಛೇದ 1.34 ಆಗುತ್ತದೆ. ಅದೇ ತಂಡಕ್ಕೆ 1 − 0.5/1.34, ಸುಮಾರು 0.63. ತಂಡವೂ ಅದೇ, ಉತ್ತರಗಳೂ ಅವೇ, ಈಗ ಗೆರೆಯ ಕೆಳಗೆ. ಆದ್ದರಿಂದ ಎರಡೂ ಲೆಕ್ಕ ಕೊಡಿ. ಸಮಸಂಭವದ್ದನ್ನು ಮಾತ್ರ ಕೊಟ್ಟು ‘ಒಪ್ಪಿಗೆ ಇದೆ’ ಎನ್ನುವುದು ನನ್ನ ದೃಷ್ಟಿಯಲ್ಲಿ ಅರ್ಧಸತ್ಯ.

ಆರ್‌ಡಬ್ಲ್ಯೂಜಿಯ ಒಂದು ಪ್ರಶ್ನೆಯ ಸೂತ್ರವನ್ನೂ ಹಲವು ಪ್ರಶ್ನೆಗಳ ಸೂತ್ರವನ್ನೂ ಅದಲುಬದಲು ಮಾಡಬೇಡಿ. ಪ್ರಶ್ನೆಗಳ ಸಂಖ್ಯೆ ಹೆಚ್ಚಿದಷ್ಟೂ ಎರಡನೆಯದು ತಾನಾಗಿಯೇ ಏರುತ್ತದೆ.

ಒಪ್ಪಿಗೆ ಇದ್ದರೆ ಸಾಲದು, ತಂಡ ತಂಡಕ್ಕೂ ವ್ಯತ್ಯಾಸವೂ ಇರಬೇಕು. ಅದನ್ನು ಅಳೆಯುವ ಸೂಚ್ಯಂಕಗಳು ಐಸಿಸಿ-1, ಐಸಿಸಿ-2. ತಂಡವನ್ನು ಗುಂಪಾಗಿಟ್ಟು ಏಕಮಾರ್ಗ ಅನೋವಾ (ಗುಂಪುಗಳ ನಡುವಿನ ಏರಿಳಿತವನ್ನು ಒಳಗಿನದರಿಂದ ಬೇರ್ಪಡಿಸುವ ಲೆಕ್ಕ) ಮಾಡಿ. ತಂಡಗಳ ನಡುವಿನ ಮೀನ್ ಸ್ಕ್ವೇರ್ 1.20, ಒಳಗಿನದು 0.60, ತಂಡದ ಗಾತ್ರ 6 ಎಂದಿಟ್ಟುಕೊಳ್ಳಿ. ಐಸಿಸಿ-1 = (1.20 − 0.60) / (1.20 + 5 × 0.60) = 0.60/4.20, ಸುಮಾರು 0.14. ಅಂದರೆ ಉತ್ತರಗಳ ಏರಿಳಿತದಲ್ಲಿ ಸುಮಾರು 14% ತಂಡಕ್ಕೆ ಸೇರಿದ್ದು, ಕ್ಷೇತ್ರ ಅಧ್ಯಯನಕ್ಕೆ ಇದು ಕಡಿಮೆಯೇನಲ್ಲ. ಐಸಿಸಿ-2 = 0.60/1.20 = 0.50, ಇದು ತಂಡದ ಸರಾಸರಿಯ ನಂಬಲರ್ಹತೆ, ಇದು ಮಾತ್ರ ದುರ್ಬಲ. ತಂಡದ ಗಾತ್ರ ಚಿಕ್ಕದಾದಷ್ಟೂ ಐಸಿಸಿ-2 ಕುಸಿಯುತ್ತದೆ, ನಿಜವಾದ ಸಂಬಂಧ ಕಾಣದೆ ಹೋಗುತ್ತದೆ. 6 ಜನರಲ್ಲಿ 3 ಜನರಷ್ಟೇ ಉತ್ತರಿಸಿದರೆ ಹೀಗೇ ಆಗುವುದು.

ಗಾತ್ರಗಳು ಏರುಪೇರಾಗಿದ್ದರೆ 6 ಎಂದು ಕಣ್ಣಂದಾಜು ಹಾಕದೆ ಸೂತ್ರಕ್ಕೆ ಹೊಂದಿಸಿದ ಸರಾಸರಿ ಗಾತ್ರ ಬಳಸಿ. ಆರ್ ಭಾಷೆಯ ‘ಮಲ್ಟಿಲೆವೆಲ್’ ಪ್ಯಾಕೇಜಿನಲ್ಲಿ ಇವುಗಳಿಗೆ ಸಿದ್ಧ ಫಂಕ್ಷನ್‌ಗಳಿವೆ.

ಉತ್ತರ 3: ಸಂಶೋಧನಾರ್ಥಿ (ಪ್ರಶ್ನೆ ಕೇಳಿದವರು)

ಇಬ್ಬರಿಗೂ ಧನ್ಯವಾದ. ಸಾಧನೆಯ ಅಂಕ ಮೇಲಧಿಕಾರಿಗಳಿಂದ ಪಡೆಯಲು ಸಾಧ್ಯವಿದೆ, ಕೇಳಿ ನೋಡುತ್ತೇನೆ. ಆದರೆ ಹಾಗೆ ಮಾಡಿದರೆ ನನ್ನ ಎನ್ (ಸ್ಯಾಂಪಲ್ ಗಾತ್ರ) 240 ಅಲ್ಲ, 40 ಆಗಿಬಿಡುತ್ತದಲ್ಲವೇ? ಮೂರು ಸುತ್ತು ಮಾಡುವುದಾದರೆ ಹೆಸರಿಲ್ಲದೆ ಫಾರ್ಮುಗಳನ್ನು ಜೋಡಿಸುವುದು ಹೇಗೆ?

ಉತ್ತರ 4: ಕ್ಷೇತ್ರಕಾರ್ಯ

ಹೌದು, 40. ಸದಸ್ಯರಿಂದಲೇ ಸಾಧನೆ ಕೇಳಿದ್ದರೂ ಅದು 40ರ ಪ್ರಶ್ನೆಯೇ ಆಗಿತ್ತು, 240 ಬರೀ ಕಣ್ಣಿಗೆ ಹಿತ. 40 ತಂಡಗಳಲ್ಲಿ, 5% ಮಹತ್ವದ ಮಟ್ಟ ಮತ್ತು 80% ಶಕ್ತಿಯೊಂದಿಗೆ (ನಿಜವಾಗಿ ಇರುವ ಸಂಬಂಧವನ್ನು ಹಿಡಿಯುವ ಸಂಭವ), ಸುಮಾರು 0.43ರಷ್ಟು ದೊಡ್ಡ ಸಹಸಂಬಂಧವಿದ್ದರೆ ಮಾತ್ರ ಹಿಡಿಯಬಹುದು. 0.30 ಹಿಡಿಯಲು ಸುಮಾರು 85 ತಂಡ ಬೇಕು. ಮೀಡಿಯೇಶನ್‌ಗೆ ಎರಡು ಕೊಂಡಿಗಳೂ ಹಿಡಿಯಬೇಕಾದ್ದರಿಂದ ಅಗತ್ಯ ಇನ್ನೂ ಹೆಚ್ಚು. ಇನ್ನೊಂದು ಕಂಪನಿಯನ್ನು ಸೇರಿಸಿಕೊಳ್ಳುವ ಪ್ರಯತ್ನ ಈಗಲೇ ಮಾಡಿ. ಒಂದೊಂದು ತಂಡಕ್ಕೆ ಇನ್ನಿಬ್ಬರನ್ನು ಸೇರಿಸುವುದಕ್ಕಿಂತ ತಂಡಗಳ ಸಂಖ್ಯೆ ಹೆಚ್ಚಿಸುವುದೇ ಮೇಲು. ಪರೋಕ್ಷ ಪರಿಣಾಮಕ್ಕೆ, ಇರುವ ದತ್ತಾಂಶದಿಂದಲೇ ಮತ್ತೆ ಮತ್ತೆ ಸ್ಯಾಂಪಲ್ ತೆಗೆದು ಲೆಕ್ಕ ಹಾಕುವ ಬೂಟ್‌ಸ್ಟ್ರ್ಯಾಪ್‌ನ ಪರ್ಸೆಂಟೈಲ್ ಬಗೆ ಬಳಸಿ. ಬಯಾಸ್ ತಿದ್ದಿದ ಬಗೆ ಸಣ್ಣ ಸ್ಯಾಂಪಲ್‌ನಲ್ಲಿ ಇಲ್ಲದ ಪರಿಣಾಮವನ್ನೂ ಇದೆ ಎಂದು ತೋರಿಸುವ ಸಂಭವ ಹೆಚ್ಚು.

ಹೆಸರಿನ ವಿಷಯದಲ್ಲಿ ಎಚ್‌ಆರ್‌ಗೆ ಸ್ಪಷ್ಟವಾಗಿ ಇಲ್ಲ ಎನ್ನಿ. ಅಳೆಯಹೊರಟಿರುವುದೇ ‘ಬಾಯಿಬಿಟ್ಟರೆ ತೊಂದರೆಯಾದೀತೇ’ ಎಂಬ ಭಯವನ್ನು. ಆ ಭಯ ಇರುವವನು ಹೆಸರು ಬರೆದ ಫಾರ್ಮಿನಲ್ಲಿ 4 ಹಾಕುತ್ತಾನೆ, ಭಯವಿಲ್ಲದವನೂ 4 ಹಾಕುತ್ತಾನೆ. ವ್ಯತ್ಯಾಸವೇ ಅಳಿಸಿಹೋಯಿತು.

ಜೋಡಣೆಗೆ ಎರಡು ದಾರಿ. ಉತ್ತರಿಸುವವರೇ ಪ್ರತಿ ಸುತ್ತಿನಲ್ಲೂ ಸಂಕೇತ ರಚಿಸಿಕೊಳ್ಳುವುದು ಒಂದು: ತಾಯಿಯ ಹೆಸರಿನ ಮೊದಲ ಅಕ್ಷರ, ಹುಟ್ಟಿದ ತಿಂಗಳು, ಫೋನ್ ನಂಬರಿನ ಕೊನೆಯ ಎರಡು ಅಂಕಿ, ಹೀಗೆ. ಅನಾಮಿಕತೆ ಚೆನ್ನಾಗಿ ಉಳಿಯುತ್ತದೆ, ಆದರೆ ಎರಡನೇ ಸುತ್ತಿನಲ್ಲಿ ಕೆಲವರು ಬೇರೆ ಫೋನ್ ನಂಬರ್ ಹಾಕಿ ಸಂಕೇತ ತಪ್ಪುತ್ತದೆ. ಹಾಗಾಗಿ ಬದಲಾಗದ ಸಂಗತಿಗಳನ್ನೇ ಆರಿಸಿ, ಒಂದು ಅಂಕಿ ತಪ್ಪಿದರೂ ಗುರುತಿಸುವಂತೆ 4–5 ಭಾಗ ಇಡಿ. ಇನ್ನೊಂದು, ನೀವೇ ಸಂಖ್ಯೆ ಕೊಟ್ಟ ಲಿಂಕ್‌ಗಳನ್ನು ಹಂಚಿ, ಯಾವ ಸಂಖ್ಯೆ ಯಾರದು ಎಂಬ ಪಟ್ಟಿಯನ್ನು ವಿಶ್ವವಿದ್ಯಾಲಯದಲ್ಲಷ್ಟೇ ಇಟ್ಟು, ಜೋಡಣೆ ಮುಗಿದ ಕೂಡಲೇ ಅಳಿಸುವುದು. ಇದು ಗೌಪ್ಯ, ಅನಾಮಿಕವಲ್ಲ. ಒಪ್ಪಿಗೆ ಪತ್ರದಲ್ಲಿ ‘ಅನಾಮಿಕ’ ಎಂದು ಬರೆದು ಈ ದಾರಿ ಹಿಡಿದರೆ ಅದು ಸುಳ್ಳು. ನಿಮ್ಮ ಸಾಧನೆಯ ಅಂಕ ತಂಡಕ್ಕೆ ಒಂದೇ ಆದ್ದರಿಂದ ತಂಡದ ಸಂಕೇತ ಒಂದಿದ್ದರೂ ಮುಖ್ಯ ವಿಶ್ಲೇಷಣೆ ನಡೆಯುತ್ತದೆ. ವ್ಯಕ್ತಿ ಜೋಡಣೆ ನಿಜಕ್ಕೂ ಬೇಕೇ ಎಂದು ಮೊದಲು ಯೋಚಿಸಿ.

ತಂಡ ಎಂದರೆ ಯಾವುದು ಎಂಬುದನ್ನೂ ಎಚ್‌ಆರ್ ಚಾರ್ಟ್ ನೋಡಿ ತೀರ್ಮಾನಿಸಬೇಡಿ. ಚಾರ್ಟಿನಲ್ಲಿ ಒಬ್ಬರ ಕೈಕೆಳಗೆ 9 ಜನ ಇರುತ್ತಾರೆ, ವಾಸ್ತವದಲ್ಲಿ 4 ಜನ ಒಟ್ಟಿಗೆ ಕೆಲಸ ಮಾಡುತ್ತಾರೆ, ಉಳಿದವರು ಬೇರೆ ಪ್ರಾಜೆಕ್ಟಿನಲ್ಲಿ. ಮುಖ್ಯಸ್ಥರಿಂದ ಹೆಸರುಪಟ್ಟಿ ಪಡೆದು, ಫಾರ್ಮಿನ ಮೊದಲಲ್ಲೇ ‘ಈ ಪ್ರಶ್ನೆಗಳು ಇಂಥ ತಂಡದ ಬಗ್ಗೆ’ ಎಂದು ತಂಡದ ಹೆಸರನ್ನೇ ಬರೆಯಿರಿ. ಎರಡು ತಂಡಗಳಲ್ಲಿ ಇರುವವರಿಗೆ, ನಿನ್ನೆ ಮೊನ್ನೆ ಸೇರಿದವರಿಗೆ ನಿಯಮ ಏನೆಂದು ಮುಂಚೆಯೇ ಬರೆದಿಡಿ.

ಉತ್ತರ 5: ಪಾಠಪ್ರಿಯ

ಐಸಿಸಿ, ಆರ್‌ಡಬ್ಲ್ಯೂಜಿಗಳನ್ನು ತರಗತಿಯಲ್ಲಿ ಹೇಳಿಕೊಡುವವರಿಗೂ ಉಪಯೋಗವಾಗಲಿ ಎಂದು ಇದು. ಸೂತ್ರಕ್ಕೆ ಮೊದಲು ಬೋರ್ಡಿನ ಮೇಲೆ ಎರಡು ಸಾಲು ಬರೆಯಿರಿ: 3, 3, 3, 3, 3 ಮತ್ತು 1, 1, 3, 5, 5. ಎರಡರ ಸರಾಸರಿಯೂ 3. ‘ಎರಡೂ ತಂಡಗಳ ಸುರಕ್ಷತೆ ಒಂದೇ ಎನ್ನಬಹುದೇ?’ ಎಂದು ಕೇಳಿ ಸುಮ್ಮನಿರಿ. ಎರಡನೆಯದು ಇಬ್ಭಾಗವಾದ ತಂಡ ಎಂದು ವಿದ್ಯಾರ್ಥಿಗಳೇ ಹೇಳುತ್ತಾರೆ. ಅದರ ವೇರಿಯನ್ಸ್ 4, ಆರ್‌ಡಬ್ಲ್ಯೂಜಿ 1 − 4/2 = −1. ಋಣಾತ್ಮಕ ಬಂದಾಗ ಸಾಮಾನ್ಯವಾಗಿ 0 ಎಂದು ಬರೆಯುತ್ತಾರೆ. ಹಾಗೆ ಬರೆದುಬಿಟ್ಟರೆ ತಂಡ ಎರಡು ಬಣವಾಗಿದೆ ಎಂಬ ಮುಖ್ಯ ಸುಳಿವೇ ಕಳೆದುಹೋಗುತ್ತದೆ ಎಂಬುದನ್ನು ಅಲ್ಲೇ ತೋರಿಸಿ. ಇಂಥ ತಂಡವನ್ನು ದತ್ತಾಂಶದಿಂದ ಕಿತ್ತುಹಾಕುವ ಮೊದಲು ಹಂಚಿಕೆಯ ಚಿತ್ರ ನೋಡುವ ಅಭ್ಯಾಸ ಬರಬೇಕು. ಏಕಾಭಿಪ್ರಾಯದ ಕೊರತೆಯೇ ಒಂದು ಫಲಿತಾಂಶವಾಗಿರಬಹುದು.

ಉತ್ತರ 6: ವಿಧಾನಚಿಂತಕ

ಎರಡು ಮಾತು ಬಾಕಿ ಇದೆ. ಉತ್ತರಿಸದವರು ಯಾದೃಚ್ಛಿಕವಾಗಿ ತಪ್ಪಿಸಿಕೊಂಡವರಲ್ಲ. ಸುರಕ್ಷತೆ ಕಡಿಮೆ ಇರುವ ತಂಡದಲ್ಲೇ ಜನ ಫಾರ್ಮ್ ತುಂಬಲು ಹಿಂದೇಟು ಹಾಕುವ ಸಂಭವ ಹೆಚ್ಚು, ಹಾಗಾಗಿ ನಿಮಗೆ ಅತ್ಯಂತ ಬೇಕಾದ ತಂಡಗಳೇ ಕೈತಪ್ಪುತ್ತವೆ. ಪ್ರತಿ ತಂಡದಿಂದ ಶೇಕಡಾ ಎಷ್ಟು ಉತ್ತರ ಬಂತು ಎಂಬುದನ್ನು ದಾಖಲಿಸಿ, ಅದಕ್ಕೂ ಸುರಕ್ಷತೆಯ ಅಂಕಕ್ಕೂ ಸಂಬಂಧವಿದೆಯೇ ನೋಡಿ, ವರದಿಯಲ್ಲಿ ಬರೆಯಿರಿ. ಕನಿಷ್ಠ 3 ಉತ್ತರಗಳಿಲ್ಲದ ತಂಡವನ್ನು ಕೈಬಿಡುವ ನಿಯಮವಿದ್ದರೆ, ಕೈಬಿಟ್ಟವು ಉಳಿದವುಗಳಿಗಿಂತ ಹೇಗೆ ಭಿನ್ನ ಎಂಬುದನ್ನೂ ಕೊಡಿ.

ಇನ್ನೊಂದು, ಕಂಪನಿಗೆ ಕೊಡುವ ವರದಿ. ಅನುಮತಿ ಕೊಟ್ಟವರು ಕೊನೆಗೆ ತಂಡವಾರು ಅಂಕ ಕೇಳಿಯೇ ಕೇಳುತ್ತಾರೆ. 6 ಜನರ ತಂಡದ ಅಂಕ ಮುಖ್ಯಸ್ಥರ ಕೈಗೆ ಹೋದರೆ, ಯಾರು ಕಡಿಮೆ ಹಾಕಿದರೆಂದು ಅವರು ಊಹಿಸಲು ಹೊರಡುತ್ತಾರೆ. ಹಲವು ತಂಡಗಳನ್ನು ಒಟ್ಟುಗೂಡಿಸಿದ ಅಂಕಿಅಂಶ ಮಾತ್ರ ಕೊಡುತ್ತೇವೆ ಎಂದು ಅನುಮತಿ ಪತ್ರದಲ್ಲೇ ಬರೆಸಿ ಸಹಿ ಹಾಕಿಸಿಕೊಳ್ಳಿ, ಮತ್ತು ಆ ಸಾಲನ್ನು ಸದಸ್ಯರಿಗೆ ಕೊಡುವ ಫಾರ್ಮಿನ ಮೊದಲ ಪುಟದಲ್ಲೂ ಮುದ್ರಿಸಿ.