ಮನೆಗಿಂತ ನೆಂಟರೇ ಭಾರ

"ನನ್ನ ಮುಂದಿನ ಕಾರು ಹೈಡ್ರೋಜನ್ನಿನಿಂದ ಓಡುತ್ತದೆ" ಎಂದ ನಾಗು. ಅವನ ಈಗಿನ ಕಾರು ತಳ್ಳಿದರೆ ಮಾತ್ರ ಓಡುತ್ತದೆ.

"ಹೊಗೆಯಿಲ್ಲ. ಹಿಂದಿನಿಂದ ಬರುವುದು ಬರೀ ನೀರು!"

"ಗ್ಯಾಸ್ ಎಲ್ಲಿಡುತ್ತೀಯ?" ಎಂದಳು ಸುಮಾ. (ಅವಳು ಅಂಕಿ ಶುರುಮಾಡಿದರೆ ನಾವು ಕುರ್ಚಿ ಸರಿಮಾಡಿಕೊಳ್ಳುತ್ತೇವೆ.) "ಮಾಮೂಲಿ ಒತ್ತಡದಲ್ಲಿ ಒಂದು ಕಿಲೋಗೆ 11 ಸಾವಿರ ಲೀಟರಿಗೂ ಜಾಸ್ತಿ ಜಾಗ ಬೇಕು. ಕಾರಿಗೆ ಐದಾರು ಕಿಲೋ ಬೇಕಲ್ವಾ?"

"ಅದುಮಿ ತುಂಬುತ್ತೇನೆ."

"ಅದುಮು, 700 ಬಾರ್. ಅಂದರೆ ಸುತ್ತಲಿನ ಗಾಳಿಯ ಒತ್ತಡದ ಸುಮಾರು 700 ಪಟ್ಟು. ದ್ರವ ಮಾಡುವುದಾದರೆ ಮೈನಸ್ 253 ಡಿಗ್ರಿ."

ನಾಗು ಸೋಲುವವನಲ್ಲ. "ಅದಕ್ಕೇ ಕಾರ್ಬನ್! ಗ್ರಾಫೀನ್ ಅಂದರೆ ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ. ಒಂದು ಗ್ರಾಮಿನಲ್ಲಿ, ಎರಡೂ ಮುಖ ಸೇರಿ, 2,600 ಚದರ ಮೀಟರ್. ಹತ್ತು ಟೆನಿಸ್ ಅಂಗಳ! ಹೈಡ್ರೋಜನ್ ಕೂರುವುದಿಲ್ವಾ?"

"ಕೂರುತ್ತದೆ, ಬಸ್ಸಿಗೆ ಕಾಯುವವರ ಹಾಗೆ. ಮೈನಸ್ 196ರ ಚಳಿಯಲ್ಲಾದರೆ ಮುದುರಿ ಅಂಟಿಕೊಳ್ಳುತ್ತದೆ. ಮಾಮೂಲಿ ಬಿಸಿಯಲ್ಲಿ ನೂರು ಗ್ರಾಂ ಕಾರ್ಬನ್ನಿನ ಮೇಲೆ ಒಂದು ಗ್ರಾಂ ನಿಲ್ಲುವುದೂ ಕಷ್ಟ."

"ಗಟ್ಟಿಯಾಗಿ ಹಿಡಿದುಕೊಂಡರೆ?" ನಾನೂ ಬಾಯಿ ಹಾಕಿದೆ.

"ಆಮೇಲೆ ಬಿಡುವುದಿಲ್ಲ. ಬಿಡಿಸಲು ಕಾಯಿಸಬೇಕು. ಕಾರಿನಲ್ಲಿ ಒಲೆ ಹಚ್ಚಿಕೊಂಡು ಕೂರು."

"1998ರಲ್ಲಿ ಕಾರ್ಬನ್ ನ್ಯಾನೋಫೈಬರಿನಲ್ಲಿ, ಅಂದರೆ ಕೂದಲಿಗಿಂತ ಎಷ್ಟೋ ತೆಳುವಾದ ಎಳೆಗಳಲ್ಲಿ, ತೂಕದ ಶೇಕಡಾ 67ರಷ್ಟು ತುಂಬಿದ್ದರಂತೆ!" ಎಂದ ನಾಗು.

"ಅಂದರೆ ಮೂರು ಕಿಲೋ ಮೂಟೆಯಲ್ಲಿ ಎರಡು ಕಿಲೋ ಹೈಡ್ರೋಜನ್. ಮನೆಗಿಂತ ನೆಂಟರೇ ಭಾರ! ಬೇರೆ ಲ್ಯಾಬಿನವರು ಮಾಡಿ ನೋಡಿದರು, ಬರಲಿಲ್ಲ. ಮರುವರ್ಷದ್ದು ಇನ್ನೂ ಮಜಾ. ಲಿಥಿಯಂ ಬೆರೆಸಿದ ನ್ಯಾನೋಟ್ಯೂಬು, ಅಂದರೆ ಕಾರ್ಬನ್ನಿನ ಅತಿಸಣ್ಣ ಕೊಳವೆ, ಶೇಕಡಾ 20ರಷ್ಟು ಹೀರಿತು ಅಂದರು. ಇನ್ನೊಬ್ಬರು ಗ್ಯಾಸನ್ನು ಚೆನ್ನಾಗಿ ಒಣಗಿಸಿ ಮತ್ತೆ ತೂಗಿದರು. ಏರಿದ್ದ ತೂಕದ ಬಹುಪಾಲು ಗ್ಯಾಸಿನೊಳಗಿದ್ದ ತೇವ!"

ಅಲ್ಲಿಯವರೆಗೆ ಸುಮ್ನಿದ್ದ ಶೇಷ ತಲೆಯೆತ್ತಿದ. "ನಾಗು ಹೇಳಿದ್ದು ಸರಿಯೇ ಆಯಿತಲ್ಲ. ಬರುವುದು ಬರೀ ನೀರು. ಕಾರು ಹೊರಡುವ ಮೊದಲೇ ಬಂತು, ಅಷ್ಟೇ."

ನಾಗು ಮುಖ ಊದಿಸಿದ. ಸುಮಾಗೆ ಪಾಪ ಅನ್ನಿಸಿರಬೇಕು. "ಕಾರ್ಬನ್ ಪೂರ್ತಿ ಕೈಕೊಟ್ಟಿಲ್ಲ ಕಣೋ. ಆ 700 ಬಾರ್ ಟ್ಯಾಂಕು ಸಿಡಿಯದಂತೆ ಸುತ್ತಲೂ ಬಿಗಿಯುವುದು ಕಾರ್ಬನ್ ಫೈಬರನ್ನೇ."

"ಒಳಗೆ ಸೇರಿಸಲಿಲ್ಲ, ಬಾಗಿಲಲ್ಲಿ ಕಾವಲಿಗೆ ನಿಲ್ಲಿಸಿದರು ಅನ್ನು!" ನಾಗು ಅರಳಿದ. "ನನ್ನ ಕಾರಿಗೂ ಸುತ್ತಿಸುತ್ತೇನೆ."

"ಸದ್ಯಕ್ಕೆ ಹಗ್ಗ ಸುತ್ತು" ಎಂದ ಶೇಷ. "ಎಳೆಯಲು ಅನುಕೂಲ."