ಕೋಹೌಸಿಂಗ್‌ನಲ್ಲಿ ದುಡಿದವರ ಲೆಕ್ಕ ಯಾರು ಇಡಬೇಕು?

ಬೆಳ್ಳುಳ್ಳಿ:
ನಾವಿರುವುದು ಕ್ಯಾಲಿಫೋರ್ನಿಯಾದ ಒಂದು ಕೋಹೌಸಿಂಗ್‌ನಲ್ಲಿ. 28 ಮನೆ. ಮನೆ ಅವರವರದ್ದು, ಆದರೆ ದೊಡ್ಡ ಅಡುಗೆಮನೆ, ಊಟದ ಹಾಲ್, ತೋಟ ಎಲ್ಲರದ್ದು. ಕೆಲಸಕ್ಕೆ ಜನ ಇಟ್ಟಿಲ್ಲ, ಎಲ್ಲಾ ನಾವೇ ಮಾಡಿಕೊಳ್ಳಬೇಕು. ಹತ್ತು ಮನೆಯವರೇ ದುಡಿಯುತ್ತಾರೆ, ಉಳಿದವರು ಊಟಕ್ಕೆ ಮಾತ್ರ ಬರುತ್ತಾರೆ ಅಂತ ಗೊಣಗಾಟ ಶುರುವಾಗಿದೆ. ಈಗ ಒಂದು ಪ್ರಸ್ತಾಪ ಬಂದಿದೆ. ತಿಂಗಳಿಗೆ 6 ಗಂಟೆ ಕಡ್ಡಾಯ, ಎಲ್ಲರೂ ಶೀಟ್‌ನಲ್ಲಿ ಬರೆಯಬೇಕು, ಮಾಡದವರು ಗಂಟೆಗೆ 25 ಡಾಲರ್ ಕಟ್ಟಬೇಕು. ಭಾನುವಾರ ಸಭೆ. ಆ ಹತ್ತು ಮನೆಯಲ್ಲಿ ನಮ್ಮದೂ ಒಂದು. ಆದರೂ ಕೈ ಎತ್ತಲು ಮನಸ್ಸಿಲ್ಲ. ನೀವೇನಂತೀರಿ?

ಹಳೇ ಖಜಾಂಚಿ:
ಎತ್ತಿ ಮೇಡಂ, ಎರಡೂ ಕೈ ಎತ್ತಿ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಮೂರು ವರ್ಷ ಖಜಾಂಚಿ ಆಗಿದ್ದೆ. ಟ್ಯಾಂಕರ್ ಬಿಲ್, ಲಿಫ್ಟ್ ರಿಪೇರಿ, ರಾತ್ರಿ ಹನ್ನೊಂದಕ್ಕೆ ಜನರೇಟರ್‌ಗೆ ಡೀಸೆಲ್. ಕೊನೆಗೆ ರಾಜ್ಯೋತ್ಸವದ ದಿನ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಮಾರನೇ ದಿನವೇ ವಾಟ್ಸಾಪ್‌ನಲ್ಲಿ ‘340 ರೂಪಾಯಿ ಲೆಕ್ಕ ತಾಳೆಯಾಗುತ್ತಿಲ್ಲ’ ಅಂತ ಬಂತು. ಗಂಟೆ ಬರೆದಿಟ್ಟಿದ್ದರೆ ಅವರ ಮುಂದೆ ಹಿಡಿಯಬಹುದಿತ್ತು.

ತುಂಗಾತೀರ:
ಖಜಾಂಚಿ ಸರ್, ನಿಮಗೆ ಬೇಕಾಗಿದ್ದದ್ದು ಶಾಲೂ ಅಲ್ಲ, ಗಂಟೆಯೂ ಅಲ್ಲ. ಎರಡನೇ ವರ್ಷಕ್ಕೆ ಇನ್ನೊಬ್ಬ ಖಜಾಂಚಿ, ಅಲ್ವಾ?

ಹಳೇ ಖಜಾಂಚಿ:
ಅದೂ ನಿಜ. ಯಾರೂ ಬರಲಿಲ್ಲ.

ಒಂದ್ಲೋಟ ಕಾಫಿ:
ಆ 25 ಡಾಲರ್ ವಿಷಯದಲ್ಲಿ ಹುಷಾರು. ಇಸ್ರೇಲಿನ ಹೈಫಾದಲ್ಲಿ ಶಿಶುವಿಹಾರಗಳಿಗೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಅಪ್ಪ ಅಮ್ಮಂದಿರಿಗೆ ದಂಡ ಹಾಕಿ ನೋಡಿದ್ದರು. ಆ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ತಡ ಮಾಡುವವರು ಕಮ್ಮಿಯಾಗಲಿಲ್ಲ, ಹತ್ತಿರ ಹತ್ತಿರ ಎರಡು ಪಟ್ಟಾದರು! ದಂಡ ತೆಗೆದ ಮೇಲೂ ಇಳಿಯಲಿಲ್ಲ. ಮೊದಲು ಟೀಚರಮ್ಮ ನಮಗಾಗಿ ಕಾಯುತ್ತಾರಲ್ಲ ಅನ್ನುವ ಸಂಕೋಚ ಇತ್ತು. ದುಡ್ಡು ಕೊಟ್ಟ ಮೇಲೆ ಎಂಥ ಸಂಕೋಚ? ನಿಮ್ಮಲ್ಲೂ ಸಂಬಳ ಜಾಸ್ತಿ ಇರುವವರು 150 ಡಾಲರ್ ಬಿಸಾಕಿ ಕಾಲು ಚಾಚಿ ಕೂರುತ್ತಾರೆ. ಅಷ್ಟು ಕೊಡಲಾಗದವರು ಟಾಯ್ಲೆಟ್ ತೊಳೆಯುತ್ತಾರೆ.

ಬೆಳ್ಳುಳ್ಳಿ:
ನನಗೆ ಚುಚ್ಚುತ್ತಿರುವುದೂ ಅದೇ. ಇನ್ನೊಂದು ಇದೆ. ಶನಿವಾರ ಅಡುಗೆ ಮಾಡಿದವರಿಗೆ ಹಾಲ್ ತುಂಬಾ ಚಪ್ಪಾಳೆ. ಚರಂಡಿಯ ಎಲೆ ತೆಗೆದವರನ್ನು ಯಾರೂ ನೋಡಿಯೇ ಇರುವುದಿಲ್ಲ. ನಮ್ಮಲ್ಲೊಬ್ಬರು ಅಜ್ಜಿ ಇದ್ದಾರೆ, ಮೊಣಕಾಲು ನೋವು, ತೋಟಕ್ಕೆ ಇಳಿಯಲಾಗದು. ಆದರೆ ಹೊಸದಾಗಿ ಬಂದವರ ಮನೆಗೆ ಮೊದಲು ಹೋಗುವವರು ಅವರೇ. ನಮ್ಮ ಮಗಳಿಗೆ ಜ್ವರ ಬಂದಾಗ ಎರಡು ದಿನ ಪಕ್ಕದಲ್ಲಿ ಕೂತಿದ್ದರು. ಅದನ್ನು ಯಾವ ಕಾಲಂನಲ್ಲಿ ಬರೆಯುವುದು?

ಕೆರೆ ಏರಿ:
ಬರೆಯಬಹುದು, ಯಾಕಾಗದು? ಅಮೆರಿಕದ ವರ್ಜೀನಿಯಾದಲ್ಲಿ ಟ್ವಿನ್ ಓಕ್ಸ್ ಅಂತ ಕೂಡಿ ಬಾಳುವವರ ಒಂದು ಸಮುದಾಯ ಇದೆ, 1967ರಲ್ಲಿ ಶುರುವಾದದ್ದು, ಈಗಲೂ ಗಂಟೆ ಲೆಕ್ಕ ಇಡುತ್ತದೆ. ಅದು ಕೋಹೌಸಿಂಗ್ ಅಲ್ಲ, ಆದಾಯವನ್ನೂ ಹಂಚಿಕೊಳ್ಳುವವರು. ಆದರೆ ಅಲ್ಲಿ ಅಡುಗೆ, ಮಕ್ಕಳನ್ನು ನೋಡಿಕೊಳ್ಳುವುದು ಕೂಡ ಲೆಕ್ಕಕ್ಕೆ ಬರುತ್ತದೆ. ಮೊದಮೊದಲು ಯಾರಿಗೂ ಬೇಡದ ಕೆಲಸಕ್ಕೆ ಹೆಚ್ಚು ಅಂಕ ಕೊಟ್ಟರು. ಆಮೇಲೆ ಅದನ್ನು ಬಿಟ್ಟು, ಯಾವ ಕೆಲಸವಾದರೂ ಒಂದು ಗಂಟೆ ಅಂದರೆ ಒಂದೇ ಗಂಟೆ ಅಂತ ಮಾಡಿದರು. ನಮ್ಮೂರ ಮುಯ್ಯಾಳು ಇದೇ ತಾನೇ? ನಿಮ್ಮ ನಾಟಿಗೆ ನಮ್ಮ ಮನೆಯಿಂದ ಇಬ್ಬರು, ನಮ್ಮ ನಾಟಿಗೆ ನಿಮ್ಮ ಮನೆಯಿಂದ ಇಬ್ಬರು. ಲೆಕ್ಕ ಇಟ್ಟರೆ ಪ್ರೀತಿ ಹೋಗುತ್ತದೆ ಅನ್ನುವುದು ಪೇಟೆಯವರ ಮಾತು.

ತುಂಗಾತೀರ:
ಲೆಕ್ಕ ಇತ್ತು, ಒಪ್ಪಿದೆ. ಆದರೆ ಬಾಯಿಲೆಕ್ಕ. ನಮ್ಮ ತಾತ ಕೈ ಮುರಿದುಕೊಂಡ ವರ್ಷವೂ ನಾಟಿ ನಿಲ್ಲಲಿಲ್ಲವಂತೆ. ಬಂದವರು ಮುಯ್ಯಿ ಕೇಳಲಿಲ್ಲ, ಎರಡು ವರ್ಷ ಬಿಟ್ಟು ತೀರಿತು. ನಿಮ್ಮ ಶೀಟ್ ತಿಂಗಳ ಕೊನೆಗೇ ಕೆಂಪಾಗುತ್ತದೆ.

ಒಂದ್ಲೋಟ ಕಾಫಿ:
ಮುಯ್ಯಾಳನ್ನು ತುಂಬಾ ಹೊಗಳಬೇಡಿ. ಅದು ಗದ್ದೆ ಇದ್ದವರ ನಡುವಿನ ಮಾತು. ಗದ್ದೆ ಇಲ್ಲದವರು ಕೂಲಿಗೇ ಬರಬೇಕಿತ್ತು.

ಚಳಿನಾಡು:
ಡೆನ್ಮಾರ್ಕ್‌ನಿಂದ ಬರೆಯುತ್ತಿದ್ದೇನೆ. ಈ ಥರದ ವಾಸ ಶುರುವಾದದ್ದೇ ಇಲ್ಲಿ, 1972ರಲ್ಲಿ, ಸೆಟ್ಟೆಡಾಮೆನ್ ಅನ್ನುವ ಕಡೆ. ನಾನಿರುವ ಜಾಗದಲ್ಲಿ ಗಂಟೆ ಎಣಿಸುವುದಿಲ್ಲ. ಐದು ವಾರಕ್ಕೊಮ್ಮೆ ಅಡುಗೆ ಸರದಿ, ಉಳಿದ ದಿನ ತಟ್ಟೆ ಹಿಡಿದು ಹೋದರಾಯಿತು. ಮಿಕ್ಕ ಕೆಲಸಕ್ಕೆ ಗುಂಪುಗಳಿವೆ, ಎರಡು ವರ್ಷಕ್ಕೊಮ್ಮೆ ಗುಂಪು ಬದಲು. ನಾನು ಬಾಯ್ಲರ್ ಗುಂಪಿಗೆ ಹೋದ ಮೇಲೇ ಗೊತ್ತಾದದ್ದು, ಅಲ್ಲಿದ್ದವರು ಜನವರಿಯಲ್ಲಿ ಬೆಳಗಿನ ಜಾವ ಐದಕ್ಕೆ ಏಳುತ್ತಿದ್ದರು ಅಂತ. ಅಲ್ಲಿಯವರೆಗೆ ಬಿಸಿನೀರು ಸುಮ್ನೆ ಬರುತ್ತದೆ ಅಂದುಕೊಂಡಿದ್ದೆ.

ಹಳೇ ಖಜಾಂಚಿ:
ಹೆಸರಿಗೆ ಮಾತ್ರ ಗುಂಪಿನಲ್ಲಿರುವವರು?

ಚಳಿನಾಡು:
ಇಲ್ಲದೆ ಏನು! ಒಬ್ಬರು ಎರಡು ವರ್ಷ ಸೈಕಲ್ ಶೆಡ್ ಗುಂಪಿನಲ್ಲಿದ್ದು, ಕೊನೆಗೆ ಶೆಡ್ಡಿನ ಬೀಗದ ಕೈ ಎಲ್ಲಿದೆ ಅಂತ ಕೇಳಿದರು. ಸಿಟ್ಟು ಬಂತು. ದಂಡ ಹಾಕಲಿಲ್ಲ.

ಬೆಳ್ಳುಳ್ಳಿ:
ಭಾನುವಾರ ಹೀಗೆ ಹೇಳೋಣ ಅಂತಿದ್ದೇನೆ. ಗಂಟೆ, ಡಾಲರ್ ಎರಡೂ ಸದ್ಯಕ್ಕೆ ಬದಿಗಿರಲಿ. ಅಡುಗೆಮನೆ ಗೋಡೆಗೆ ಕೆಲಸಗಳ ಪಟ್ಟಿ ಅಂಟಿಸೋಣ, ಚರಂಡಿ ಎಲೆಯಿಂದ ಸಭೆಯ ನಡಾವಳಿವರೆಗೆ. ಎದುರಿಗೆ ಈಗ ಮಾಡುತ್ತಿರುವವರ ಹೆಸರು, ಎಷ್ಟು ಕಾಲದಿಂದ ಅಂತ. ಕೊನೇ ಕಾಲಂ: ‘ನನಗೆ ಸಾಕಾಗಿದೆ, ಯಾರಾದರೂ ತಗೊಳ್ಳಿ’. ಅಜ್ಜಿಯ ಹೆಸರು ನಾನೇ ಬರೆಯುತ್ತೇನೆ, ಅವರು ಬರೆದುಕೊಳ್ಳುವುದಿಲ್ಲ.

ಹಳೇ ಖಜಾಂಚಿ:
ಆ ಕೊನೇ ಕಾಲಂ ಸ್ವಲ್ಪ ಅಗಲವಾಗಿ ಇಡಿ ಮೇಡಂ.