ಪಿಯುಸಿ ಆದಮೇಲೆ ಬಿಎಸ್‌ಡಬ್ಲ್ಯೂ: ಮೂರು ವರ್ಷ ಹೇಗೆ ಪ್ಲಾನ್ ಮಾಡೋದು?

ಯಲಬುರ್ಗಾ_ಅಣ್ಣ

ಎಲ್ಲರಿಗೂ ನಮಸ್ಕಾರ. ತಂಗಿ ದ್ವಿತೀಯ ಪಿಯು ಪಾಸಾಗಿದ್ದಾಳೆ, ಕಲಾ ವಿಭಾಗ, ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ). ಬಿಎಸ್‌ಡಬ್ಲ್ಯೂ, ಅಂದ್ರೆ ಸಮಾಜಕಾರ್ಯದ ಪದವಿನೇ ಮಾಡ್ತೀನಿ ಅಂತ ಪಟ್ಟು ಹಿಡಿದಿದ್ದಾಳೆ. ಆಸಕ್ತಿ ಇರೋದು ಮಕ್ಕಳ ರಕ್ಷಣೆ ಕಡೆ, ಅಂದ್ರೆ ಬಾಲಮಂದಿರ (ಆಸರೆ ಬೇಕಾದ ಮಕ್ಕಳ ಸರ್ಕಾರಿ ವಸತಿ), ಸಹಾಯವಾಣಿ ಆ ಥರದ್ದು. ಕೇಳಬೇಕಾಗಿರೋದು ಇಷ್ಟು. ಈಗ ಕೋರ್ಸ್ ಮೂರು ವರ್ಷವೋ ನಾಲ್ಕೋ? ಯಾವ ಡಿಗ್ರಿ ಆದವರೂ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಸೇರಬಹುದಂತೆ, ಹಾಗಿದ್ದ ಮೇಲೆ ಸುಮ್ಮನೆ ಬಿಎ ಮಾಡಿದರೆ ಏನು ನಷ್ಟ? ಕಾಲೇಜಿಗೆ ಹೋದಾಗ ಏನೇನು ವಿಚಾರಿಸಬೇಕು? ನಾವು 2ಎ, ಹಾಸ್ಟೆಲ್ ಬೇಕೇ ಬೇಕು. ಕೆಲಸದ ವಿಷಯದಲ್ಲಿ ಇದ್ದದ್ದು ಇದ್ದಹಾಗೆ ಹೇಳಿ, ಪರವಾಗಿಲ್ಲ.

ಫೀಲ್ಡ್‌ವರ್ಕ್_ಮೇಷ್ಟ್ರು

ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ 2024-25ರಿಂದ ಮತ್ತೆ ಮೂರು ವರ್ಷ, ಆರು ಸೆಮಿಸ್ಟರ್. 2021-22ರಿಂದ ಮೂರು ಬ್ಯಾಚ್‌ಗಳು ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಅಡಿ ಸೇರಿದ್ದವಲ್ಲ, ನಾಲ್ಕನೇ ವರ್ಷದ ಆನರ್ಸ್ ಮಾತು ಅವರದ್ದು. ಹಳೇ ವಿಡಿಯೋ ನೋಡಿ ಗೊಂದಲ ಮಾಡ್ಕೋಬೇಡಿ. ಮೂರು ವರ್ಷದ ಡಿಗ್ರಿ ಆದವರಿಗೆ ಎಂಎಸ್‌ಡಬ್ಲ್ಯೂ ಎರಡು ವರ್ಷ. ಅಲ್ಲಿಗೆ ಲೆಕ್ಕ ಐದು ವರ್ಷ, ಮನೆಯವರಿಗೆ ಈಗಲೇ ಹೇಳಿಬಿಡಿ. ಬಿಎಸ್‌ಡಬ್ಲ್ಯೂಗೇ ನಿಲ್ಲಿಸೋ ಯೋಚನೆ ಇದ್ದರೆ ಪ್ಲಾನೇ ಬೇರೆ ಆಗುತ್ತೆ, ಅದನ್ನು ಕೆಳಗೆ ಯಾರಾದರೂ ಬರೀತಾರೆ.

ಬಿಎ ಮಾಡಿದರೆ ಏನು ನಷ್ಟ? ಎಂಎಸ್‌ಡಬ್ಲ್ಯೂ ಬಾಗಿಲು ಮುಚ್ಚಲ್ಲ, ನಿಜ. ಆದರೆ ಬಿಎಸ್‌ಡಬ್ಲ್ಯೂ ಆದವರಿಗೆ ಹಲವು ಕಡೆ ಪ್ರವೇಶದಲ್ಲಿ ಆದ್ಯತೆ ಇದೆ. ಅದಕ್ಕಿಂತ ದೊಡ್ಡ ಲಾಭ ಫೀಲ್ಡ್‌ವರ್ಕ್, ಅಂದ್ರೆ ಸಂಸ್ಥೆಗೋ ಹಳ್ಳಿಗೋ ಹೋಗಿ ಮಾಡೋ ತರಬೇತಿ. ಕೇಸ್‌ವರ್ಕ್ (ಒಬ್ಬೊಬ್ಬರ ಜೊತೆಗಿನ ಕೆಲಸ), ಗ್ರೂಪ್‌ವರ್ಕ್ (ಗುಂಪಿನ ಜೊತೆಗಿನ ಕೆಲಸ), ಸಮುದಾಯ ಸಂಘಟನೆ, ಈ ಮೂರನ್ನೂ ಬಿಎಸ್‌ಡಬ್ಲ್ಯೂನವರು ಒಮ್ಮೆ ಕೈಯಾರೆ ಮಾಡಿ ನೋಡಿರ್ತಾರೆ. ಬಿಎಯಿಂದ ಬಂದವರು ಎಂಎಸ್‌ಡಬ್ಲ್ಯೂ ಮೊದಲ ಸೆಮಿಸ್ಟರ್ ಪೂರ್ತಿ ಅದನ್ನು ಅರ್ಥ ಮಾಡಿಕೊಳ್ಳೋದರಲ್ಲೇ ಕಳೀತಾರೆ. ಇನ್ನೊಂದು ಕಡೆಯನ್ನೂ ಹೇಳಬೇಕು: ಮುಂದೆ ಬಿ.ಎಡ್. ಮಾಡಿ ಹೈಸ್ಕೂಲು ಟೀಚರ್ ಆಗೋ ಆಸೆ ಒಳಗೊಳಗೇ ಇದ್ದರೆ ಇತಿಹಾಸ, ಅರ್ಥಶಾಸ್ತ್ರದಂಥ ಶಾಲಾ ವಿಷಯಗಳಿರೋ ಬಿಎನೇ ಸುರಕ್ಷಿತ.

ಈಗ ಕಾಲೇಜು. ಬಿಲ್ಡಿಂಗು, ರಿಸಲ್ಟ್ ಬೋರ್ಡು ಬಿಡಿ. ನೇರ ವಿಭಾಗಕ್ಕೆ ಹೋಗಿ ಹೋದ ವರ್ಷದ ಏಜೆನ್ಸಿ ಪಟ್ಟಿ ತೋರಿಸಿ ಅನ್ನಿ. ಯಾವ ವಿದ್ಯಾರ್ಥಿಯನ್ನು ಎಲ್ಲಿಗೆ ಹಾಕಿದ್ದರು, ವಾರಕ್ಕೆ ಎಷ್ಟು ದಿನ, ಅನ್ನೋದು ಅದರಲ್ಲಿ ಇರುತ್ತೆ. ವಾರಕ್ಕೆ ಎರಡು ದಿನ ಇದ್ದರೆ ಒಳ್ಳೇದು, ಒಂದು ಪೂರ್ತಿ ದಿನಕ್ಕಿಂತ ಕಡಿಮೆ ಇದ್ದರೆ ಅದು ಹೆಸರಿಗೆ ಮಾತ್ರ. ಇಡೀ ಕ್ಲಾಸನ್ನು ಒಂದೇ ವೃದ್ಧಾಶ್ರಮಕ್ಕೆ ಬಸ್ಸಲ್ಲಿ ಕರ್ಕೊಂಡು ಹೋಗಿ ಹಣ್ಣು ಹಂಚಿ ಫೋಟೋ ತೆಗೆಸೋದನ್ನು ಫೀಲ್ಡ್‌ವರ್ಕ್ ಅಂತ ಕರೆಯೋ ಕಾಲೇಜುಗಳೂ ಇವೆ. ಅಲ್ಲಿಂದ ಮೆಲ್ಲಗೆ ಎದ್ದು ಬನ್ನಿ.

ಎರಡನೇದು, ಒಬ್ಬ ಸೂಪರ್‌ವೈಸರ್ ಕೈಕೆಳಗೆ ಎಷ್ಟು ಜನ ಅಂತ ಕೇಳಿ. ವಾರಕ್ಕೊಮ್ಮೆ ಐಸಿ ನಡೆಯಬೇಕು. ಅಂದರೆ ವಿದ್ಯಾರ್ಥಿ ಬರೆದ ರೆಕಾರ್ಡನ್ನು ಎದುರಿಗಿಟ್ಟುಕೊಂಡು ಮೇಷ್ಟ್ರು ಒಬ್ಬೊಬ್ಬರ ಜೊತೆ ಕೂತು ಮಾತಾಡೋದು. ಹತ್ತು ಜನ ಇದ್ದರೆ ಇದು ಆಗುತ್ತೆ, ಮೂವತ್ತು ಜನ ಇದ್ದರೆ ಬರೀ ಸಹಿ ಬೀಳುತ್ತೆ. ಸೀನಿಯರ್ ಒಬ್ಬರ ರೆಕಾರ್ಡ್ ಪುಸ್ತಕದ ಅಂಚು ನೋಡಿದರೆ ಗೊತ್ತಾಗುತ್ತೆ: ಕೆಂಪು ಶಾಯಿಯಲ್ಲಿ ಪ್ರಶ್ನೆಗಳಿದ್ದರೆ ಯಾರೋ ಓದಿದ್ದಾರೆ ಅಂತ ಅರ್ಥ.

ಫೀಲ್ಡ್‌ವರ್ಕ್ ಹಾಜರಾತಿ ಕಮ್ಮಿ ಆಯ್ತು ಅಂದ್ರೆ ಥಿಯರಿ ಪೇಪರ್ ಥರ ರಾತ್ರಿ ಓದಿ ಬರೆದು ದಾಟೋಕಾಗಲ್ಲ, ಆ ದಿನಗಳನ್ನು ಮತ್ತೆ ಮಾಡಲೇಬೇಕಾಗುತ್ತೆ. ವರ್ಷ ಹಾಳಾಗೋದು ಹೆಚ್ಚಾಗಿ ಇಲ್ಲೇ.

ಡಿಸಿಪಿಯು_ಟೇಬಲ್

ಕೆಲಸದ ಭಾಗ ನಾನು ಬರೀತೀನಿ. ಮಕ್ಕಳ ರಕ್ಷಣೆ ವ್ಯವಸ್ಥೆ ನಿಂತಿರೋದು 2015ರ ಬಾಲನ್ಯಾಯ ಕಾಯ್ದೆ ಮೇಲೆ. ಪ್ರತಿ ಜಿಲ್ಲೆಯಲ್ಲೂ ಮಕ್ಕಳ ರಕ್ಷಣಾ ಘಟಕ ಇದೆ. ಅದರಲ್ಲಿ ರಕ್ಷಣಾಧಿಕಾರಿ, ಆಪ್ತ ಸಮಾಲೋಚಕರು, ಸಮಾಜ ಕಾರ್ಯಕರ್ತರು ಇರ್ತಾರೆ. ಈಗ ಮಿಷನ್ ವಾತ್ಸಲ್ಯ ಅನ್ನೋ ಕೇಂದ್ರದ ಯೋಜನೆಯಡಿ ಬರುತ್ತೆ, 1098 ಮಕ್ಕಳ ಸಹಾಯವಾಣಿಯೂ ಅದಕ್ಕೇ ಸೇರಿದೆ. ಸಮಾಜ ಕಾರ್ಯಕರ್ತರ ಹುದ್ದೆಗೆ ಬಿಎಸ್‌ಡಬ್ಲ್ಯೂ ಸಾಕು, ರಕ್ಷಣಾಧಿಕಾರಿ ಆಗೋಕೆ ಎಂಎಸ್‌ಡಬ್ಲ್ಯೂ ಕಡೆ ನೋಡಬೇಕು. ಇವೆಲ್ಲ ಬಹುತೇಕ ಗುತ್ತಿಗೆ ಹುದ್ದೆಗಳು, ಗೌರವಧನದ ಲೆಕ್ಕ. ಅನುದಾನ ತಡವಾದರೆ ಸಂಬಳವೂ ತಡ. ಇದನ್ನು ಗೊತ್ತಿದ್ದೇ ಬರಬೇಕು.

ಮಕ್ಕಳ ಕಲ್ಯಾಣ ಸಮಿತಿ ಸದಸ್ಯೆ ಆಗ್ತೀನಿ ಅಂತ ಎಷ್ಟೋ ಹುಡುಗಿಯರು ಹೇಳ್ತಾರೆ. ಅದು ಡಿಗ್ರಿ ಮುಗಿಸಿ ಅರ್ಜಿ ಹಾಕೋ ನೌಕರಿ ಅಲ್ಲ. ಅಧ್ಯಕ್ಷರು ಮತ್ತು ನಾಲ್ಕು ಸದಸ್ಯರ ಸಮಿತಿ, ಸಮಾಜಕಾರ್ಯದಂಥ ಪದವಿ ಇದ್ದು ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದಲ್ಲಿ 7 ವರ್ಷ ಕೆಲಸ ಮಾಡಿರಬೇಕು, ಇಲ್ಲವೇ ಅಂಥ ಪದವಿ ಪಡೆದು ಆ ವೃತ್ತಿಯಲ್ಲಿರಬೇಕು ಅಂತ ಕಾಯ್ದೆ ಹೇಳುತ್ತೆ. ಮಾದರಿ ನಿಯಮದಲ್ಲಿ ವಯಸ್ಸು 35 ದಾಟಿರಬೇಕು. ಅಪರಾಧದ ಆರೋಪ ಇರೋ ಮಕ್ಕಳ ಕೇಸು ನೋಡೋ ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟ್ ಪಕ್ಕ ಕೂರೋ ಇಬ್ಬರು ಸಮಾಜ ಕಾರ್ಯಕರ್ತರದ್ದೂ ಹೆಚ್ಚುಕಮ್ಮಿ ಇದೇ ಕಥೆ. ಹಾಗಾಗಿ ಈಗಿನ ಗುರಿ ಆ ಕುರ್ಚಿ ಅಲ್ಲ.

ಖಾಯಂ ನೌಕರಿ ಬೇಕು ಅಂದ್ರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಂಗನವಾಡಿ ಮೇಲ್ವಿಚಾರಕಿ, ಕೆಪಿಎಸ್‌ಸಿ ಮೂಲಕ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಇವೆರಡರ ಹಳೇ ಅಧಿಸೂಚನೆ ಹುಡುಕಿ ವಿದ್ಯಾರ್ಹತೆ ಕಲಂ ಓದಿಸಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹುದ್ದೆಗೆ ಯಾವ ಪದವಿ ಆದರೂ ನಡೆಯುತ್ತೆ. ಇವು ಪ್ರತಿ ವರ್ಷ ಕರೆಯೋ ಹುದ್ದೆಗಳಲ್ಲ. ಅದಕ್ಕೇ ಎರಡನೇ ವರ್ಷದಿಂದಲೇ ಸಾಮಾನ್ಯ ಜ್ಞಾನದ ಓದು ಪಕ್ಕದಲ್ಲಿ ನಡೀತಿರಬೇಕು.

ಆಸ್ಪತ್ರೆ ಕಡೆ ಮನಸ್ಸು ತಿರುಗಿದರೆ ದಾರಿ ಇನ್ನೂ ಉದ್ದ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ (ಮನೋರೋಗ ವಿಭಾಗದ ಸಮಾಜ ಕಾರ್ಯಕರ್ತೆ) ಅನ್ನಿಸಿಕೊಳ್ಳೋಕೆ ಎಂಎಸ್‌ಡಬ್ಲ್ಯೂ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಬೇಕು. ನಿಮ್ಹಾನ್ಸ್ ಹೆಸರು ಕೇಳಿ ಬಿಎಸ್‌ಡಬ್ಲ್ಯೂ ಸೇರಿದವರಿಗೆ ಇದನ್ನು ಮೊದಲೇ ಯಾರೂ ಹೇಳಿರಲ್ಲ.

ಪೀಣ್ಯ_ಶಿಫ್ಟ್

ತಂಗಿಗೆ ಬೇಡದೇ ಇರಬಹುದು, ಆದರೂ ಒಂದು ಮಾತು. ಎಂಎಸ್‌ಡಬ್ಲ್ಯೂ ಆದ ತಕ್ಷಣ ಸಂಬಳ ಕೈಗೆ ಬರೋದು ಎಚ್‌ಆರ್ ಮತ್ತು ಕಾರ್ಮಿಕ ಕಲ್ಯಾಣ ವಿಶೇಷ ವಿಷಯ ತಗೊಂಡವರಿಗೇ. 1948ರ ಕಾರ್ಖಾನೆ ಕಾಯ್ದೆಯ 49ನೇ ಸೆಕ್ಷನ್ 500 ಕಾರ್ಮಿಕರಿದ್ದ ಕಡೆ ಕಲ್ಯಾಣಾಧಿಕಾರಿ ಇರಲೇಬೇಕು ಅಂದಿತ್ತು. 2020ರ ಸುರಕ್ಷತಾ ಸಂಹಿತೆಯಲ್ಲಿ ಆ ಮಿತಿ 250. ಎಂಎಸ್‌ಡಬ್ಲ್ಯೂನಲ್ಲಿ ಯಾವ ವಿಶೇಷ ವಿಷಯ ಇದೆ ಅನ್ನೋದು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆ. ಅರ್ಜಿ ಹಾಕೋ ಮೊದಲೇ ನೋಡಿಕೊಳ್ಳಿ, ಸೇರಿದ ಮೇಲೆ ಬದಲಾಯಿಸೋಕಾಗಲ್ಲ.

ಯಲಬುರ್ಗಾ_ಅಣ್ಣ

ತುಂಬಾ ಉಪಕಾರ ಆಯ್ತು. ಎರಡು ಉಳಿದಿವೆ. ಒಂದು, ಅವಳು ಒಂದನೇ ಕ್ಲಾಸಿಂದ ಕನ್ನಡ ಮಾಧ್ಯಮ. ಎರಡು, ಅರ್ಜಿ ಮತ್ತು ಸ್ಕಾಲರ್‌ಶಿಪ್ ಯಾವ ಕ್ರಮದಲ್ಲಿ ಮಾಡಬೇಕು? ಸೈಬರ್‌ನವನು ಒಂದೊಂದು ಸಲ ಒಂದೊಂದು ಹೇಳ್ತಾನೆ.

ಅರ್ಜಿ_ಅಕ್ಕ

ಮೊದಲು ಹೆಸರು ಸರಿಮಾಡಿಸಿ ತಮ್ಮಾ, ಅರ್ಜಿ ಆಮೇಲೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರೋ ಹೆಸರು, ಆಧಾರ್ ಹೆಸರು ಒಂದೇ ಥರ ಇರಬೇಕು. ಇನಿಶಿಯಲ್ ಮುಂದೆ ಇದೆಯೋ ಹಿಂದೆ ಇದೆಯೋ ಅಷ್ಟಕ್ಕೇ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತೆ. ಆಮೇಲೆ ಜಾತಿ-ಆದಾಯ ಪ್ರಮಾಣಪತ್ರ. ಅದರ ಮೇಲಿರೋ ಆರ್‌ಡಿ ನಂಬರ್ ಹಾಕಿದಾಗ ಹೆಸರು ತಾನೇ ಮೂಡುತ್ತೆ, ಅಲ್ಲಿ ಸ್ಪೆಲ್ಲಿಂಗ್ ಬೇರೆ ಬಂದರೆ ನಾಡಕಚೇರಿಗೆ ಹೋಗಿ ಹೊಸದು ಮಾಡಿಸಿ.

ಪ್ರವೇಶದ ಅರ್ಜಿ ಯುಯುಸಿಎಂಎಸ್ ಅನ್ನೋ ರಾಜ್ಯದ ವಿಶ್ವವಿದ್ಯಾಲಯಗಳ ಪೋರ್ಟಲ್‌ನಲ್ಲಿ. ವಿಶ್ವವಿದ್ಯಾಲಯ, ಕಾಲೇಜು, ಕೋರ್ಸ್ ಅನ್ನೋ ಕ್ರಮದಲ್ಲಿ ಆರಿಸೋದು. ಕೆಲವು ಕಾಲೇಜುಗಳಲ್ಲಿ ಸಮಾಜಕಾರ್ಯ ಬಿಎಯ ಒಂದು ಐಚ್ಛಿಕ ವಿಷಯವಾಗಿಯೂ ಇದೆ. ಬಿಎಸ್‌ಡಬ್ಲ್ಯೂ ಅಂತ ತಿಳಿದು ಅದನ್ನು ಒತ್ತಿಬಿಡಬೇಡಿ.

ಸೀಟು ಖಚಿತ ಆಗಿ ನೋಂದಣಿ ಸಂಖ್ಯೆ ಬಂದ ಮೇಲೆ ಎಸ್‌ಎಸ್‌ಪಿ, ಅಂದ್ರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ದುಡ್ಡು ಬೀಳೋದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳೋ ಸಂಸ್ಥೆ) ಆಧಾರ್‌ಗೆ ಕೊನೆಗೆ ಜೋಡಣೆಯಾದ ಖಾತೆಗೆ. ಅಮ್ಮನ ಜೊತೆ ಜಂಟಿ ಖಾತೆ, ಯಾವಾಗಲೋ ತೆರೆದು ಮರೆತ ಝೀರೋ ಬ್ಯಾಲೆನ್ಸ್ ಖಾತೆ, ಇವಕ್ಕೆ ಹೋಗಿ ಕೂತಿರುತ್ತೆ. ಬ್ಯಾಂಕಿಗೆ ಹೋಗಿ ಜೋಡಣೆ ಯಾವುದಕ್ಕಿದೆ ಅಂತ ಕೇಳಿ.

ಹಾಸ್ಟೆಲ್‌ಗೆ ಎಸ್‌ಎಚ್‌ಪಿ ಅನ್ನೋ ಬೇರೆ ಪೋರ್ಟಲ್. 2ಎ ಆಗಿರೋದ್ರಿಂದ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್. ಸೀಟು ಸಿಗದಿದ್ದರೆ ವಿದ್ಯಾಸಿರಿಗೆ ಹಾಕಿ, ಅದು ಹಾಸ್ಟೆಲ್ ಸಿಗದವರಿಗೆ ಊಟ-ವಸತಿಗೆ ಕೊಡೋ ಸಹಾಯಧನ. ಹಾಸ್ಟೆಲಲ್ಲಿ ಇದ್ದುಕೊಂಡು ವಿದ್ಯಾಸಿರಿಯನ್ನೂ ಕೇಳೋ ಹಾಗಿಲ್ಲ.

ಬಸ್ ಖರ್ಚಿನ ಚಿಂತೆ ಬೇಡ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ, ಫೀಲ್ಡ್‌ವರ್ಕ್ ಹಳ್ಳಿ 30 ಕಿಲೋಮೀಟರ್ ಆಚೆ ಇದ್ದರೂ ನಡೆಯುತ್ತೆ. ಆದರೆ ಸಂಜೆ ಕೊನೇ ಬಸ್ಸು ಮತ್ತು ಹಾಸ್ಟೆಲ್ ಗೇಟ್ ಟೈಮು ಹೊಂದಿಕೆ ಆಗಬೇಕಲ್ಲ. ಫೀಲ್ಡ್‌ವರ್ಕ್ ದಿನಗಳನ್ನು ಬರೆದ ಪತ್ರ ವಿಭಾಗದಿಂದ ತಂದು ಸೆಮಿಸ್ಟರ್ ಶುರುವಲ್ಲೇ ವಾರ್ಡನ್‌ಗೆ ಕೊಡಲಿ.

ಫೀಲ್ಡ್‌ವರ್ಕ್_ಮೇಷ್ಟ್ರು

ಕನ್ನಡ ಮಾಧ್ಯಮದ ಬಗ್ಗೆ. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಪರೀಕ್ಷೆ ಕನ್ನಡದಲ್ಲಿ ಬರೆಯಬಹುದು, ತೊಂದರೆ ಇಲ್ಲ. ತೊಡಕು ಬರೋದು ಎಂಎಸ್‌ಡಬ್ಲ್ಯೂನಲ್ಲಿ, ಪುಸ್ತಕಗಳು ಹೆಚ್ಚಿನವು ಇಂಗ್ಲಿಷು. 1936ರಲ್ಲಿ ಶುರುವಾದ ಮುಂಬೈನ ಟಿಸ್‌ಗೆ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಹೋಗೋ ಕನಸಿದ್ದರೆ ಸಿಯುಇಟಿ-ಪಿಜಿ ಅನ್ನೋ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೀಬೇಕು. ಹಾಗಾಗಿ ಮೂರನೇ ಸೆಮಿಸ್ಟರ್‌ನಿಂದ ವಾರಕ್ಕೊಂದು ರೆಕಾರ್ಡನ್ನು ಇಂಗ್ಲಿಷ್‌ನಲ್ಲೂ ಬರೆದು ನೋಡಲಿ. ಎದುರಿನವರು ಆಡಿದ ಮಾತನ್ನು ಮಾತ್ರ ಅವರು ಆಡಿದ ಕನ್ನಡದಲ್ಲೇ ಇಡಬೇಕು, ಕೊಪ್ಪಳದ ಅಜ್ಜಿಯ ಮಾತನ್ನು ಪುಸ್ತಕದ ಭಾಷೆಗೆ ತಿದ್ದಬಾರದು.

ರೆಕಾರ್ಡ್ ಹೇಗಿರಬೇಕು ಅಂತ ಹೇಳಿಬಿಡ್ತೀನಿ, ಅಂಕ ಹೋಗೋದೇ ಇಲ್ಲಿ. ಮೊದಲ ವರ್ಷ ಅಂಗನವಾಡಿಗೆ ಹಾಕಿದರು ಅನ್ನಿ. "ಇಂದು ಅಂಗನವಾಡಿಗೆ ಭೇಟಿ ನೀಡಿದೆವು, ಮಕ್ಕಳು ಸಂತೋಷದಿಂದ ಆಡುತ್ತಿದ್ದರು, ತುಂಬಾ ಕಲಿತೆವು", ನೂರಕ್ಕೆ ತೊಂಬತ್ತು ಪುಸ್ತಕಗಳಲ್ಲಿ ಇದೇ ಇರುತ್ತೆ. ಬರೀಬೇಕಾದ್ದು ಹೀಗೆ: 11.20ಕ್ಕೆ ಹೋದಾಗ ದಾಖಲಾತಿ 26, ಹಾಜರು 14. ಬೆಳವಣಿಗೆ ಚಾರ್ಟ್‌ನಲ್ಲಿ ಹೋದ ತಿಂಗಳ ತೂಕ ತುಂಬಿಲ್ಲ, ಕಾರಣ ಕೇಳಿದರೆ ತೂಕದ ಯಂತ್ರ ಕೆಟ್ಟಿದೆ ಅಂದರು. ಎರಡೂವರೆ ವರ್ಷದ ಒಂದು ಮಗುವಿನ ತೋಳಿನ ಸುತ್ತಳತೆ 11.3 ಸೆಂ.ಮೀ. 11.5ಕ್ಕಿಂತ ಕೆಳಗೆ ಬಂದರೆ ತೀವ್ರ ಅಪೌಷ್ಟಿಕತೆ. ಅಂದಮೇಲೆ ಮುಂದಿನ ಸಾಲು ಏನಿರಬೇಕು? ಕಾರ್ಯಕರ್ತೆಗೆ ಹೇಳಿದ್ದು, ಅವರು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸೋಣ ಅಂದದ್ದು, ಕೂಲಿ ತಪ್ಪುತ್ತೆ ಅಂತ ತಾಯಿ ಒಪ್ಪದಿದ್ದದ್ದು. ಆ ತಾಯಿಯ ಜೊತೆ ಮುಂದಿನ ವಾರ ಏನು ಮಾತಾಡಬೇಕು ಅನ್ನೋದೇ ಐಸಿಯಲ್ಲಿ ಚರ್ಚೆ ಆಗಬೇಕಾದ್ದು. ಅದೇ ದಿನ ರಾತ್ರಿ ಬರೆಯಬೇಕು. ತಿಂಗಳ ಕೊನೆಗೆ ಕೂತು ಬರೆದರೆ ಎಲ್ಲ ದಿನವೂ ಒಂದೇ ಥರ ಕಾಣುತ್ತೆ, ವೈವಾದಲ್ಲಿ ಎರಡನೇ ಪ್ರಶ್ನೆಗೇ ಗೊತ್ತಾಗುತ್ತೆ.

ಎರಡನೇ ವರ್ಷ ಸ್ತ್ರೀಶಕ್ತಿ ಸಂಘವೋ ಹಾಸ್ಟೆಲ್ ಮಕ್ಕಳ ಗುಂಪೋ ಹಿಡಿದು ಗ್ರೂಪ್‌ವರ್ಕ್ ಮಾಡಲಿ. ಗ್ರಾಮೀಣ ಶಿಬಿರವೂ ಇರುತ್ತೆ, ಸಾಮಾನ್ಯವಾಗಿ ಒಂದು ವಾರ. ಶ್ರಮದಾನ, ಪ್ರಭಾತಫೇರಿಯಲ್ಲೇ ಅದು ಮುಗಿದುಹೋಗುತ್ತೆ, ಏನು ಮಾಡೋದು. ಊರಿನ ನಕ್ಷೆ ಹಾಕಿಸುವಾಗ ಮಾತ್ರ ಒಂದು ಎಚ್ಚರ ಇರಲಿ. ಬೆಳಗ್ಗೆ 11ಕ್ಕೆ ಹನುಮಪ್ಪನ ಗುಡಿ ಕಟ್ಟೆಯಲ್ಲಿ ರಂಗೋಲಿ ಪುಡಿ ಚೆಲ್ಲಿ ಕೂತರೆ ಸಿಗೋದು ಗಂಡಸರು ಹೇಳಿದ ಊರು. ಬೋರ್‌ವೆಲ್ ಕೆಟ್ಟು ಎಷ್ಟು ದಿನ ಆಯ್ತು, ಬಯಲಿಗೆ ಹೋಗೋ ದಾರಿಯಲ್ಲಿ ಎಲ್ಲಿ ದೀಪ ಇಲ್ಲ, ಇವು ಆ ನಕ್ಷೆಯಲ್ಲಿ ಇರಲ್ಲ. ಸಂಜೆ ಕೇರಿಯೊಳಗೆ ಹೆಂಗಸರ ಜೊತೆ ಇನ್ನೊಂದು ಹಾಕಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಬಾಲಮಂದಿರದ ಪ್ಲೇಸ್‌ಮೆಂಟ್ ಮೂರನೇ ವರ್ಷಕ್ಕೆ ಕೇಳಿಕೊಳ್ಳಲಿ, ಅಷ್ಟೊತ್ತಿಗೆ ಕೇಸ್‌ವರ್ಕ್ ಓದಿರ್ತಾಳೆ. ನೇರ ಗೇಟಿಗೆ ಹೋದರೆ ಒಳಗೆ ಬಿಡಲ್ಲ, ಬಿಡಲೂಬಾರದು. ಕಾಲೇಜು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಪತ್ರ ಬರೆದು ಅನುಮತಿ ತರಬೇಕು, ವಾರಗಟ್ಟಲೆ ಹಿಡಿಯುತ್ತೆ. ಎರಡನೇ ವರ್ಷದ ರಜೆಯಲ್ಲೇ ವಿಭಾಗಕ್ಕೆ ನೆನಪಿಸಿ. ಒಳಗೆ ಹೋದ ಮೇಲೆ ಫೋಟೋ ಇಲ್ಲ, ಸ್ಟೇಟಸ್ ಇಲ್ಲ, ರೆಕಾರ್ಡ್‌ನಲ್ಲಿ ಮಗುವಿನ ನಿಜ ಹೆಸರು, ಊರು, ಶಾಲೆ ಯಾವುದೂ ಇಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಗುರುತು ಬಯಲು ಮಾಡೋದನ್ನು ನಿಷೇಧಿಸುತ್ತೆ, ವಿದ್ಯಾರ್ಥಿ ಅಂತ ವಿನಾಯಿತಿ ಇಲ್ಲ. ಯಾವುದಾದರೂ ಮಗು ಲೈಂಗಿಕ ದೌರ್ಜನ್ಯದ ಮಾತು ಹೇಳಿದರೆ "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬಾರದು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯೋ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಗುವನ್ನು ತಾನೇ ಕೂರಿಸಿಕೊಂಡು ಮತ್ತೆ ಮತ್ತೆ ಕೇಳಬಾರದು, ಆಡಿದ ಮಾತು ಆಡಿದ ಹಾಗೆ ಬರೆದುಕೊಂಡು ಅದೇ ದಿನ ಸಂಸ್ಥೆಯ ಅಧೀಕ್ಷಕರಿಗೂ ತನ್ನ ಸೂಪರ್‌ವೈಸರ್‌ಗೂ ಹೇಳಬೇಕು, ದೂರು ದಾಖಲಾಯಿತಾ ಅಂತ ಕೇಳಿ ತಿಳಿದುಕೊಳ್ಳಬೇಕು.

ಡಿಸಿಪಿಯು_ಟೇಬಲ್

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಪ್ರತಿ ಏಜೆನ್ಸಿಯಿಂದ ಹೊರಡುವಾಗ ಲೆಟರ್‌ಹೆಡ್ ಮೇಲೆ ದಿನಾಂಕ, ಒಟ್ಟು ಗಂಟೆ, ಮಾಡಿದ ಕೆಲಸ ಬರೆಸಿ ಸೀಲು ಹಾಕಿಸಿಕೊಳ್ಳಲಿ. ನಮ್ಮಲ್ಲಿ ಮಕ್ಕಳ ರಕ್ಷಣೆಯ ಕೆಲಸಕ್ಕೆ ನರ್ಸಿಂಗ್ ಥರ ಕೌನ್ಸಿಲ್ ಇಲ್ಲ, ನೋಂದಣಿ ಸಂಖ್ಯೆ ಅಂತಾನೂ ಇಲ್ಲ. ಸಂದರ್ಶನದಲ್ಲಿ ಅನುಭವಕ್ಕೆ ಸಾಕ್ಷಿ ಅಂತ ತೋರಿಸೋಕೆ ಈ ಪತ್ರಗಳೇ ಇರೋದು. ಇಂಗ್ಲೆಂಡಿನ ಥರ ನೋಂದಣಿ ಕಡ್ಡಾಯ ಇರೋ ದೇಶಕ್ಕೆ ಹೋಗೋ ಸಂದರ್ಭ ಬಂದರೂ ಫೀಲ್ಡ್‌ವರ್ಕ್ ಗಂಟೆಗಳ ಲೆಕ್ಕ ಕೇಳ್ತಾರೆ, ಆಗ ಐದು ವರ್ಷದ ಹಿಂದಿನ ಸಂಸ್ಥೆ ಹುಡುಕಿಕೊಂಡು ಹೋಗಿ ಬರೆಸೋದು ಆಗದ ಮಾತು.